ಮೋರಸದಲ್ಲಿ ಉಳಿದ ಕುರಿಗಳು

ಗಜೇಂದ್ರಗಡ

ಮೋರಸಕ್ಕೆ ಹೋಗಿ ಬಂದವನು ಅಂತ ಗೊತ್ತಾದ ಕೂಡಲೇ ಎಲ್ಲರೂ ನನ್ನನ್ನು ಸಕ್ಕರೆಯ ಬಗ್ಗೆ ಕೇಳುತ್ತಾರೆ. ರೋಣದ ಸಂತೆಗೆ ಮೋರಸ ಸಕ್ಕರೆ ಅಂತ ಬೆಳ್ಳನೆಯದು ಬರುತ್ತದಲ್ಲ, ಅದು ಬರುವ ದೇಶ. ಸಮುದ್ರದ ನಡುವೆ ಒಂದು ನಡುಗಡ್ಡೆ. ಸಾಹೇಬರ ಬಾಯಲ್ಲಿ ಮಾರಿಷಸ್. ಸಕ್ಕರೆಯ ಬಗ್ಗೆ ನಾನು ಹೇಳುವಂಥದ್ದು ಹೆಚ್ಚಿಲ್ಲ. ನಾನು ಹೋದದ್ದು ಕುರಿ ಹೊಡೆದುಕೊಂಡು. ಐದು ವರ್ಷ ಅಲ್ಲಿದ್ದೆ. ಹೋಗುವಾಗ ಜೊತೆಗೆ ಹೆಂಡತಿ ಹನಮವ್ವ ಇದ್ದಳು, ಬರುವಾಗ ಇರಲಿಲ್ಲ. ಸವಡಿಯ ಮಠದ ಅಯ್ಯನವರು ಸಣ್ಣಂದಿನಲ್ಲಿ ನಾಲ್ಕು ಅಕ್ಷರ ಕಲಿಸಿದ್ದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ನಮ್ಮದು ಅಸೂಟಿ. ಮನೆಗೆ ಹೊಲವೂ ಇತ್ತು, ಕುರಿಯೂ ಇದ್ದವು. ಆದರೆ ನಮ್ಮ ಮನೆತನಕ್ಕೆ ಹೆಸರು ಬಂದದ್ದು ಟಗರು ಆರಿಸುವುದರಿಂದ. ಪ್ರತಿ ವರ್ಷ ಹುಟ್ಟಿದ ಗಂಡುಮರಿಗಳಲ್ಲಿ ನಮ್ಮಜ್ಜ ಎರಡನ್ನೋ ಮೂರನ್ನೋ ಇಟ್ಟುಕೊಂಡು ಉಳಿದವನ್ನು ಮಾರಿಬಿಡುತ್ತಿದ್ದ. ಇಟ್ಟುಕೊಳ್ಳುವುದು ಯಾವುದನ್ನು? ಹೆಗಲ ಮೇಲಿನ ಉಣ್ಣೆಯಲ್ಲಿ ಬೆರಳು ಇಳಿಸಿ ಬಿಡಿಸಿದರೆ ಚರ್ಮ ಕಾಣಬಾರದು, ಅಂಥದ್ದನ್ನು. ಅಜ್ಜನ ಕಾಲ, ಅಪ್ಪನ ಕಾಲ, ನನ್ನ ಕಾಲ, ಮೂರೂ ಕಾಲ ಹೀಗೇ ನಡೆದು, ನಮ್ಮ ಹಿಂಡಿನ ಉಣ್ಣೆ ಎಷ್ಟು ದಟ್ಟವಾಗಿತ್ತೆಂದರೆ ಅದರ ಕಂಬಳಿ ಹೊದ್ದು ಮುಂಗಾರಿಯಲ್ಲಿ ಇಡೀ ದಿನ ನಿಂತರೂ ಒಳಗಿನ ಅಂಗಿ ಒದ್ದೆಯಾಗುತ್ತಿರಲಿಲ್ಲ. ಹಿಂಡು ಗಜೇಂದ್ರಗಡದ ಗುಡ್ಡದ ಬದಿಗೆ ಮೇಯುತ್ತಿರುವಾಗ ನರಗುಂದ, ರೋಣದ ಕಡೆಯ ಕುರಿಯವರು ಹುಡುಕಿಕೊಂಡು ಬರುತ್ತಿದ್ದರು.

"ಬಾಳಪ್ಪಾ, ನಮ್ಮ ಟಗರಿನ ಮ್ಯಾಲ ಒಮ್ಮಿ ಕೈ ಇಟ್ಟ ಬಾ" ಅನ್ನುತ್ತಿದ್ದರು.

ನನಗೆ ಅದರಿಂದ ಸೊಕ್ಕು ಬಂದಿತ್ತು. ಕುರಿ ಕೊಟ್ಟದ್ದು ದೇವರಾದರೂ ಈ ಕುರಿಯನ್ನು ಮಾಡಿದ್ದು ನಮ್ಮಜ್ಜ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಅಪ್ಪ ಬೈಯುತ್ತಿದ್ದ, ನಾನು ನಗುತ್ತಿದ್ದೆ.

ನರಗುಂದದಲ್ಲಿ ಒಬ್ಬ ಅರಳೆ ಸಾವಕಾರರಿದ್ದರು. ಅವರ ಅರಳೆ ಎತ್ತುಗಳ ಮೇಲೆ ಕುಮಟಾ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿಂದ ಅವರಿಗೆ ಒಂದು ಸುದ್ದಿ ಬಂದಿತ್ತು: ಮೋರಸದ ಒಬ್ಬ ಕಬ್ಬಿನ ತೋಟದ ದೊರೆ ತನ್ನ ಆಳುಗಳಿಗೆ ವರ್ಷಕ್ಕೊಂದು ಕಂಬಳಿ ಕೊಡಬೇಕು, ಹೊರಗಿನಿಂದ ತರಿಸುವ ಬದಲು ಅಲ್ಲೇ ಕುರಿ ಸಾಕಿ, ಅಲ್ಲೇ ನೇಯಿಸಬೇಕೆಂದು ಅವನ ಮನಸ್ಸು.

"ನೂರಾ ಇಪ್ಪತ್ತ ಕುರಿ, ನೀ, ನಿನ್ನ ಹೇಣ್ತಿ, ಒಂದ ಮಗ್ಗ" ಅಂದರು ಸಾವಕಾರರು. "ಐದ ವರ್ಷದ ಕರಾರ. ನಿನ್ನ ಬಿಟ್ಟರ ಈ ಸೀಮಿಯೊಳಗ ಯಾರನ್ನ ಕಳಿಸಲಿ?"

ಅಪ್ಪ ಬೇಡ ಅಂದ. ಹೋಗೋಣ ಅಂದವಳು ಹನಮವ್ವ. ನಮಗೆ ಎರಡು ಮಕ್ಕಳಾಗಿ, ಎರಡೂ ಹಲ್ಲು ಬರುವ ಮೊದಲೇ ಹೋಗಿದ್ದವು.

"ಈ ಮನಿಯಾಗ ಯಾವ ಮೂಲಿ ನೋಡಿದರೂ ನನಗ ಅವ ಕಾಣ್ತಾವ್ರಿ" ಅಂದಳು. "ಎಲ್ಲಿಗರ ಆಗಲಿ, ಹೋಗೂಣು ನಡೀರಿ."

ನಮ್ಮ ಹಿಂಡಿನಿಂದಲೂ ದಾಯಾದಿಗಳ ಹಿಂಡಿನಿಂದಲೂ ನೂರಾ ಎಂಟು ಕುರಿ ನಾನೇ ಕೈಯಿಟ್ಟು ಆರಿಸಿದೆ. ಉಳಿದ ಹನ್ನೆರಡನ್ನು ಹನಮವ್ವನ ಅಣ್ಣ ಯಮನಪ್ಪ ಚಿಕ್ಕನರಗುಂದದಿಂದ ಹೊಡೆದುಕೊಂಡು ಬಂದ. ಅವುಗಳಲ್ಲಿ ಅರ್ಧದಷ್ಟು ಬೋಳು ಬೋಳು, ಕೂದಲು ಗಿಡ್ಡ, ಪಕ್ಕೆಲುಬು ಎಣಿಸಬಹುದು. ನಾನು ಮುಖ ಗಂಟಿಕ್ಕಿದೆ.

"ತವರಮನಿ ಕುರಿ ನಾಕ ಇರಲಿ ಬಿಡ್ರಿ ಮಾವ" ಅಂದ ಯಮನಪ್ಪ. "ತಂಗಿಗೆ ಅವನ್ನ ನೋಡಿದರ ನಮ್ಮ ನೆನಪಾದೀತು."

ಹನಮವ್ವನ ಮುಖ ನೋಡಿ ಆ ಹನ್ನೆರಡನ್ನೂ ಹಿಂಡಿಗೆ ಸೇರಿಸಿದೆ.

ಕುಮಟಾ

ದೀಪಾವಳಿ ಮುಗಿಸಿ ಹೊರಟು, ಘಟ್ಟ ಇಳಿದು, ಕುಮಟಾ ಮುಟ್ಟುವುದರಲ್ಲಿ ಕುರಿಗಳ ಗೊರಸು ಸವೆದಿದ್ದವು. ಅಷ್ಟು ಹಸಿರು ನಾನು ಕಂಡಿರಲಿಲ್ಲ. ನಮ್ಮ ಎರೆಹೊಲದಲ್ಲಿ ನಿಂತರೆ ಒಂದು ಹರದಾರಿ ದೂರದ ಮನುಷ್ಯ ಕಾಣುತ್ತಾನೆ. ಅಲ್ಲಿ ಮುಂದಿನ ಕುರಿಯೇ ಕಾಣುತ್ತಿರಲಿಲ್ಲ.

ಸಮುದ್ರ ಕಂಡ ಕೂಡಲೇ ಕುರಿಗಳು ಓಡಿಹೋಗಿ ಬಾಯಿಟ್ಟವು. ಎಷ್ಟು ತಡೆದರೂ ಕೇಳಲಿಲ್ಲ. ಎರಡು ದಿನ ಎಲ್ಲಕ್ಕೂ ಭೇದಿ. ಅದರ ಮೇಲೆ, ಹಡಗಿಗಾಗಿ ಕಾಯುತ್ತಿರುವಾಗ ಹಿಂಡು ಒಬ್ಬ ಮೀನುಗಾರನ ಗುಡಿಸಲಿನ ಗೋಡೆಗೆ ಕಟ್ಟಿದ್ದ ಮಡ್ಲಗರಿಯನ್ನು, ಅಂದರೆ ಹೆಣೆದ ತೆಂಗಿನ ಗರಿಯನ್ನು, ಒಂದು ಮಗ್ಗುಲು ಪೂರ್ತಿ ತಿಂದುಹಾಕಿತು. ಅವನು ಕೊಂಕಣಿಯಲ್ಲಿ ಬೈದ, ನಾನು ಕನ್ನಡದಲ್ಲಿ ಕೈಮುಗಿದೆ. ಒಳಗೆ ಅವನ ಹೆಂಡತಿ ಒಲೆಯ ಮುಂದೆ ಕೂತಿದ್ದವಳು ಇದ್ದಕ್ಕಿದ್ದಂತೆ ಗೋಡೆಯಿಲ್ಲದೆ ಎಲ್ಲರ ಕಣ್ಣಿಗೆ ಬಿದ್ದು ನಗತೊಡಗಿದಳು. ಹನಮವ್ವ ಅವಳಿಗೆ ಒಂದು ಉಂಡೆ ಕರೀ ನೂಲು ಕೊಟ್ಟಳು, ಆಕೆ ಇವಳಿಗೆ ಒಣಮೀನು ಕೊಟ್ಟಳು. ಮೀನಿನ ವಾಸನೆಗೆ ಹನಮವ್ವ ಎರಡು ಹೊತ್ತು ಉಣ್ಣಲಿಲ್ಲ. ಕೊಟ್ಟವರ ಮನಸ್ಸು ನೋಯಬಾರದೆಂದು ಗಂಟು ಮಾತ್ರ ಜೊತೆಗೆ ಇಟ್ಟುಕೊಂಡಳು.

ಕುಮಟಾದಿಂದ ಸಣ್ಣ ಹಡಗಿನಲ್ಲಿ ಮುಂಬಯಿ. ಅಲ್ಲಿ ದೊಡ್ಡ ಹಡಗು. ಒಂದೊಂದೇ ಕುರಿಯ ಹೊಟ್ಟೆಯ ಕೆಳಗೆ ಪಟ್ಟಿ ಹಾಕಿ ಹಗ್ಗದಿಂದ ಮೇಲೆತ್ತಿದರು. ನಾಲ್ಕೂ ಕಾಲು ಗಾಳಿಯಲ್ಲಿ ಇಳಿಬಿಟ್ಟುಕೊಂಡು ಅವು ಒರಲಲೂ ಇಲ್ಲ.

ಹಡಗು

ಹಡಗಿನ ಹೊಟ್ಟೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ದೊಡ್ಡಿ ಕಟ್ಟಿದ್ದರು. ಇಳಿಸಿದಂತೆ ಇಳಿಸಿದಂತೆ ಸಿಕ್ಕಸಿಕ್ಕಲ್ಲಿ ಕುರಿ ತುಂಬಿದೆವು. ಮುಂಬಯಿ ಬಿಟ್ಟು ವಾರವಾಗುವುದರಲ್ಲಿ ಎಡಮಗ್ಗುಲಿನ ಹಲಗೆಯ ಸಂದಿಯಿಂದ ಉಪ್ಪುನೀರು ಒಳಗೆ ಬರತೊಡಗಿತು. ಎಡಕ್ಕೆ ಇದ್ದವು ಸತ್ತವು, ಬಲಕ್ಕೆ ಇದ್ದವು ಬದುಕಿದವು. ಜಾಗ ಬದಲಿಸೋಣ ಅಂದರೆ ಬಲಕ್ಕೆ ಕಾಲಿಡಲು ಎಡೆಯಿರಲಿಲ್ಲ. ಒಳ್ಳೆಯದು ಕೆಟ್ಟದ್ದು ಎನ್ನುವ ಭೇದ ಆ ಸಾವಿಗೆ ಇರಲಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿದ್ದ ಟಗರು, ಹನಮವ್ವ ಗೌಡ ಅಂತ ಕರೆಯುತ್ತಿದ್ದದ್ದು, ಎಡಕ್ಕಿತ್ತು. ಒಂಬತ್ತನೆಯ ದಿನ ಹೋಯಿತು.

ಸತ್ತ ಕುರಿಯನ್ನು ಖಲಾಸಿಗಳು ಎತ್ತಿ ನೀರಿಗೆ ಹಾಕುತ್ತಿದ್ದರು. ಹನಮವ್ವ ಪ್ರತಿಯೊಂದರ ಹಣೆಗೂ ಮನೆದೇವರ ಭಂಡಾರದ ಅರಿಷಿಣ ಹಚ್ಚಿ ಆಮೇಲೆ ಒಯ್ಯಲು ಬಿಡುತ್ತಿದ್ದಳು. ಊರಿಂದ ತಂದ ಭಂಡಾರದ ಚೀಲ ಅರ್ಧ ದಾರಿಯಲ್ಲೇ ಬರಿದಾಯಿತು. ಅಲ್ಲಿಂದ ಮುಂದೆ ಬರೀ ಕೈಯಿಂದ ಹಣೆ ಮುಟ್ಟುತ್ತಿದ್ದಳು. ಒಬ್ಬ ಖಲಾಸಿ, ಯಾವ ದೇಶದವನೋ, ಅವಳು ಮುಟ್ಟುವವರೆಗೆ ಕುರಿಯನ್ನು ತೋಳಲ್ಲಿ ಹಿಡಿದು ಕಾಯುತ್ತಿದ್ದ. ಅವನ ಹೆಸರು ಕೇಳುವುದೂ ಆಗಲಿಲ್ಲ.

ಮೋರಸಕ್ಕೆ ಇಳಿದಾಗ ಎಂಬತ್ತನಾಲ್ಕು ಕುರಿ ಉಳಿದಿದ್ದವು. ಅವುಗಳಲ್ಲಿ ಚಿಕ್ಕನರಗುಂದದವು ಏಳೆಂಟು.

ಮೋರಸ

ಆ ದೇಶದಲ್ಲಿ ಎಲ್ಲವೂ ತಿರುವುಮುರುವು. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಬೀರುವ ಚಳಿ. ಅಲ್ಲಿ ಅದೇ ಹೊತ್ತಿಗೆ ಬೆವರು ಮತ್ತು ಮಳೆ. ಬಂದರದಲ್ಲಿ ನಮ್ಮಿಬ್ಬರಿಗೂ ಒಂದೊಂದು ಚೀಟಿ ಕೊಟ್ಟರು. ಅದು ಮೈಮೇಲೆ ಇಲ್ಲದೆ ರಸ್ತೆಗೆ ಬಂದರೆ ಹಿಡಿದೊಯ್ಯುತ್ತಾರಂತೆ. ಕುರಿಗಳಿಗೆ ಚೀಟಿ ಬೇಡವೋ ಅಂತ ಹನಮವ್ವ ಕೇಳಿದಳು. ಆ ದಿನ ಅವಳು ನಕ್ಕದ್ದನ್ನು ನಾನು ಮರೆತಿಲ್ಲ. ಮನೆ ಬಿಟ್ಟ ಮೇಲೆ ಅವಳಿಗೆ ನಗು ಬರುತ್ತಿತ್ತು.

ದೊರೆಯ ತೋಟ ಬಂದರದಿಂದ ಮೇಲಕ್ಕೆ, ಮೋಡ ಬಂದು ಕೂಡುವ ಎತ್ತರದಲ್ಲಿತ್ತು. ದೊರೆಯನ್ನು ನಾವು ಕಂಡದ್ದು ಎರಡೇ ಸಲ. ಎಲ್ಲವನ್ನೂ ನೋಡುತ್ತಿದ್ದವನು ಮ್ಯಾನೇಜರ್. ಆಳುಗಳೆಲ್ಲ ನಮ್ಮ ದೇಶದವರೇ, ಆದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ತೆಲುಗರು, ತಮಿಳರು, ಬಿಹಾರದವರು. ಕನ್ನಡ ಅಂತ ಇದ್ದದ್ದು ನಮ್ಮ ಗುಡಿಸಲಿನಲ್ಲಿ ಮಾತ್ರ. ಸಕ್ಕರೆ ಕುದಿಯುವ ವಾಸನೆ ಆರು ತಿಂಗಳು ಬಟ್ಟೆಯಿಂದ ಹೋಗುತ್ತಿರಲಿಲ್ಲ. ಅದನ್ನು ಕುದಿಸುವವರು ಮಾತ್ರ ಅನ್ನಕ್ಕೆ ಉಪ್ಪು, ಮೆಣಸಿನಕಾಯಿ ಹಚ್ಚಿಕೊಂಡು ಉಣ್ಣುತ್ತಿದ್ದರು. ಜೋಳ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಇಲ್ಲದೆ ಬೆಳಗಾದದ್ದೇ ತಿಳಿಯುವುದಿಲ್ಲ ಅಂತ ಹನಮವ್ವ ಅನ್ನುತ್ತಿದ್ದಳು.

ನಮ್ಮ ದೊಡ್ಡಿಯ ಪಕ್ಕದಲ್ಲಿ ಆಡು ಕಾಯುವ ಒಬ್ಬ ಮುದುಕನಿದ್ದ, ಹೆಸರು ರಫಾಯಿಲ್. ಹಿಂದೆ ಗುಲಾಮನಾಗಿದ್ದವನು, ಆಮೇಲೆ ಬಿಡುಗಡೆಯಾದವನು. ರವಿವಾರ ಪ್ರಾರ್ಥನೆಗೆ ಹೋಗುವಾಗ ಬೂಟುಗಳನ್ನು ಕೊರಳಿಗೆ ಕಟ್ಟಿಕೊಂಡು ಹೋಗಿ, ಗುಡಿಯ ಬಾಗಿಲಲ್ಲಿ ಕಾಲಿಗೆ ಹಾಕಿಕೊಂಡು, ಹೊರಗೆ ಬಂದ ಕೂಡಲೇ ಮತ್ತೆ ಕೊರಳಿಗೆ ಹಾಕುತ್ತಿದ್ದ. ನಾವು ದೇವರ ಮುಂದೆ ಕೆರ ಬಿಡುತ್ತೇವೆ, ಅವನು ದೇವರ ಮುಂದೆ ಮಾತ್ರ ಮೆಟ್ಟುತ್ತಿದ್ದ. ಹರಕು ಹಿಂದುಸ್ತಾನಿಯಲ್ಲಿ ನಮ್ಮಿಬ್ಬರ ಮಾತು ನಡೆಯುತ್ತಿತ್ತು; ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಮೊದಲ ದಿನವೇ ಅವನು ನಮ್ಮ ಕುರಿಯ ಉಣ್ಣೆಯಲ್ಲಿ ಕೈ ಇಳಿಸಿ, ತೆಗೆದು, ಚಲ್ಲಣಕ್ಕೆ ಒರೆಸಿಕೊಂಡ.

"ಇಷ್ಟ ದಪ್ಪ ಅಂಗಿ ಹಾಕ್ಕೊಂಡ ಇಲ್ಲಿ ಯಾಕ ಬಂದಾವ ಇವು?" ಅಂದ.

ಅವನಿಗೆ ಕುರಿಯ ಬಗ್ಗೆ ಏನು ಗೊತ್ತು ಅಂದುಕೊಂಡೆ.

ಮೊದಲ ಮಳೆಗಾಲ

ನಮ್ಮಲ್ಲಿ ಮಳೆ ಬಂದು ಹೋಗುತ್ತದೆ, ಬಿಸಿಲು ಬೀಳುತ್ತದೆ, ಕುರಿ ಮೈ ಕೊಡವಿ ಒಣಗುತ್ತದೆ. ಅಲ್ಲಿ ಮಳೆ ಹೋಗುತ್ತಿರಲಿಲ್ಲ. ಉಣ್ಣೆ ಒಮ್ಮೆ ತೊಯ್ದರೆ ಒಳಗಿನ ತೇವ ತಿಂಗಳಾದರೂ ಆರುತ್ತಿರಲಿಲ್ಲ. ಹದಿನೈದು ದಿನದಲ್ಲಿ ನೊಣ ಕೂತವು, ಹುಳ ಬಿದ್ದವು. ಮೇಲಿಂದ ನೋಡಿದರೆ ಕುರಿ ಚಂದ, ಉಣ್ಣೆ ಬಿಡಿಸಿದರೆ ಒಳಗೆ ಮಾಂಸ ಅಲುಗಾಡುತ್ತಿತ್ತು.

ಬೇವಿನ ಎಲೆ ಇರಲಿಲ್ಲ. ಹನಮವ್ವ ತಂಬಾಕು ಕುದಿಸಿದ ನೀರು ಹಾಕಿ, ಕಡ್ಡಿಯಿಂದ ಒಂದೊಂದೇ ಹುಳ ತೆಗೆಯುತ್ತಿದ್ದಳು. ನಾನು ಕತ್ತರಿ ಹಿಡಿದು ಉಣ್ಣೆ ಇಳಿಸಿದೆ. ಹೊಸ ಕೂದಲು ಒಂದು ಬೆರಳು ಬರುವುದರಲ್ಲಿ ಮತ್ತೆ ಹುಳ. ಗೊರಸು ಕೊಳೆತವು. ಮೊಣಕಾಲೂರಿ ಮೇಯುತ್ತ ಮೇಯುತ್ತ ಹಾಗೆಯೇ ಮಗ್ಗುಲಿಗೆ ಬೀಳುತ್ತಿದ್ದವು.

ಒಂದು ಮುಂಜಾನೆ ಹೆಣ ಎಳೆದುಹಾಕಿ ಬಂದು ಕೂತಿದ್ದೆ. ಹನಮವ್ವ ಅಂದಳು:

"ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡಬ್ಯಾಡ್ರಿ. ನೀವು ಆರಿಸಿದ್ವು ಸಾಯಾಕತ್ತಾವ. ಅಣ್ಣ ಕೊಟ್ಟ ಬೋಳು ಕುರಿಯಾಗ ಇಲ್ಲಿ ಬಂದ ಮ್ಯಾಲ ಒಂದೂ ಸತ್ತಿಲ್ಲ."

"ಸುಮ್ಮಕಿರು" ಅಂದೆ. "ಬೋಳು ಕುರಿ ಬಗ್ಗೆ ನನಗ ಹೇಳಬ್ಯಾಡ."

ಆದರೆ ಎದ್ದು ಹೋಗಿ ನೋಡಿದೆ. ಅವಳು ಹೇಳಿದ್ದು ಖರೇ ಇತ್ತು. ಚಿಕ್ಕನರಗುಂದದ ಬೋಳು ಕುರಿಗಳು ಮಳೆ ನಿಂತ ಅರ್ಧ ತಾಸಿನಲ್ಲಿ ಒಣಗಿ ಮೇಯುತ್ತಿದ್ದವು. ಇನ್ನೂ ಒಂದು ಕಂಡಿತು, ಅದನ್ನು ಅವಳಿಗೆ ಹೇಳಲಿಲ್ಲ. ನಾನು ಆರಿಸಿದವುಗಳಲ್ಲೇ ಬದುಕಿದ್ದವುಗಳ ಹೆಗಲಿನಲ್ಲಿ ಬೆರಳಿಳಿಸಿ ನೋಡಿದೆ. ಅವು ಎಲ್ಲವೂ ಸ್ವಲ್ಪ ತೆಳ್ಳಗಿನವು. ಆರಿಸುವಾಗ ಇಡಲೋ ಬೇಡವೋ ಎಂದು ಎರಡು ಮನಸ್ಸಿನಿಂದ ಇಟ್ಟುಕೊಂಡಂಥವು. ನಾನು ಕಣ್ಣು ಮುಚ್ಚಿ ಒಪ್ಪಿದ್ದವು ಎಲ್ಲವೂ ಗುಂಡಿಯಲ್ಲಿದ್ದವು.

ಹಡಗಿನ ಸಾವಿಗೆ ಅಳಲಿಲ್ಲ, ಅದು ನೀರಿನ ಆಟ. ಇದು ಬೇರೆ. ಅಜ್ಜನ ಬೆರಳು ಯಾವುದನ್ನು ಇಟ್ಟುಕೊಂಡಿತ್ತೋ ಅದನ್ನೇ ಯಾರೋ ಹುಡುಕಿ ಹುಡುಕಿ ತೆಗೆಯುತ್ತಿದ್ದ ಹಾಗಿತ್ತು. ಮಳೆ ನಿಲ್ಲುವ ಹೊತ್ತಿಗೆ ಮೂವತ್ತೊಂಬತ್ತು ಕುರಿ ಉಳಿದವು.

ಎರಡನೆಯ ವರ್ಷ, ಮೂರನೆಯ ವರ್ಷ

ನಾನು ಸೋಲಲು ಒಪ್ಪಲಿಲ್ಲ. ಉಳಿದ ಟಗರುಗಳಲ್ಲಿ ಎಲ್ಲಕ್ಕಿಂತ ದಟ್ಟ ಉಣ್ಣೆಯದನ್ನು ಹಿಂಡಿಗೆ ಬಿಟ್ಟೆ. ಚಿಕ್ಕನರಗುಂದದ ಬೋಳು ಟಗರನ್ನು ಗೂಟಕ್ಕೆ ಕಟ್ಟಿದೆ. ಹುಟ್ಟಿದ ಮರಿಗಳನ್ನು ನೋಡಿ ಹನಮವ್ವನನ್ನು ಕೂಗಿ ಕರೆದೆ. ಅಸೂಟಿಯ ಮರಿಗಳ ಹಾಗೆಯೇ ಮೈತುಂಬ ಗುಂಗುರು.

"ನೋಡಿದಿ?" ಅಂದೆ. "ಅಜ್ಜನ ಕೈ ಇನ್ನೂ ಐತಿ."

ಅವಳು ಮರಿಯನ್ನು ಮಡಿಲಲ್ಲಿಟ್ಟುಕೊಂಡಳು. ಮಳೆ ಬಂತು. ಗುಂಗುರು ಮರಿಗಳೇ ಮೊದಲು ಹೋದವು. ತಾಯಿಯ ಕಡೆಯಿಂದ ತೆಳುಕೂದಲು ಬಂದಿದ್ದ ಮರಿಗಳು ಉಳಿದವು. ಮರುವರ್ಷ ಗಬ್ಬವಾದವು ಉಳಿದವೇ ತಾನೆ? ಸತ್ತದ್ದು ಮರಿ ಹಾಕುವುದಿಲ್ಲ. ಹೀಗಾಗಿ ಮುಂದಿನ ಸೂಲಿನಲ್ಲಿ ಗುಂಗುರು ಮರಿ ಕಡಿಮೆ, ಬೋಳು ಮರಿ ಹೆಚ್ಚು. ನಾನು ಒಂದು ಕಡೆಗೆ ಎಳೆಯುತ್ತಿದ್ದೆ, ಆ ಮಣ್ಣು ಇನ್ನೊಂದು ಕಡೆಗೆ ಎಳೆಯುತ್ತಿತ್ತು. ನಾನು ವರ್ಷಕ್ಕೊಮ್ಮೆ ಆರಿಸುತ್ತಿದ್ದೆ, ಅದು ದಿನಾ ಆರಿಸುತ್ತಿತ್ತು. ನಾನು ಕೂದಲೊಂದನ್ನೇ ನೋಡುತ್ತಿದ್ದೆ, ಅದು ಗೊರಸು, ಹೊಟ್ಟೆ, ನನಗೆ ಕಾಣದ ಏನೇನನ್ನೋ ನೋಡುತ್ತಿತ್ತು. ಮೂರನೆಯ ವರ್ಷ ದಟ್ಟ ಉಣ್ಣೆಯ ಟಗರೂ ಹೋದಾಗ ಬೋಳು ಟಗರಿನ ಹಗ್ಗ ಬಿಚ್ಚಿದೆ.

ರಫಾಯಿಲ್ ಬೇಲಿಯ ಆಚೆ ನಿಂತು ನೋಡುತ್ತಿದ್ದ. ಆ ದಿನ ಅವನ ಟೋಪಿಯನ್ನು ಅವನದೇ ಆಡು ತಿಂದಿತ್ತು, ಹಾಗಾಗಿ ಅವನೂ ಮುಖ ಗಂಟಿಕ್ಕಿದ್ದ.

"ನನ್ನ ಆಡ ನಾ ಸಣ್ಣಾವ ಇದ್ದಾಗ ಹಡಗಿನಿಂದ ಬಂದವು" ಅಂದ. "ಆವಾಗ ಇವಕ್ಕ ಮೊಣಕಾಲ ತನಕ ಕಿವಿ, ಹಂಡೆದಂಥ ಹೊಟ್ಟಿ. ಈ ಕಲ್ಲಬಂಡಿ ಹತ್ತಾಕ ಹೋಗಿ ದಪ್ಪನ್ನವು ಉರುಳಿ ಬಿದ್ದವು. ಹಗುರಾದವು ಉಳದವು. ಅವುಗಳ ಮರಿ ಅವುಗಳ ಹಂಗ ಆದವು. ಈಗ ನೋಡು, ಬೆಕ್ಕಿನಂಗ ಅದಾವ. ನಾ ಏನೂ ಮಾಡಲಿಲ್ಲ. ಬರೇ ಕಾಯ್ಕೋಂತ ಕುಂತೆ."

"ಹಂಗಾರ ಆರಿಸಾಂವ ಯಾರು?"

"ಯಾರೂ ಇಲ್ಲ."

ಅವನು ಅದನ್ನು ಮಳೆ ಬರುತ್ತದೆ ಅನ್ನುವಂತೆ ಹೇಳಿದ. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಕೆಟ್ಟ ದೇವರು ಆರಿಸುತ್ತಾನೆ ಅಂದಿದ್ದರೆ ಅವನಿಗೆ ಕೈಮುಗಿದೋ ಬೈದೋ ಇರುತ್ತಿದ್ದೆ. ಹಟ್ಟಿಯ ತುಂಬ ಆರಿಸಿದ ಗುರುತು, ಆರಿಸುವವನ ಜಾಗ ಖಾಲಿ.

ಮಗ್ಗಕ್ಕೆ ಕೆಲಸ ಇಲ್ಲದಾಯಿತು. ಬೋಳು ಕುರಿಯ ಕೂದಲು ನೂಲಿಗೆ ನಿಲ್ಲುತ್ತಿರಲಿಲ್ಲ. ಹನಮವ್ವ ಅದನ್ನೂ ಕೈಯಲ್ಲಿ ಹೊಸೆದು ಹೊಸೆದು ನೋಡುತ್ತಿದ್ದಳು, ಅದು ಪುಡಿಯಾಗಿ ಮಡಿಲಿಗೆ ಉದುರುತ್ತಿತ್ತು. ಮೂರು ವರ್ಷದಲ್ಲಿ ಅವಳು ನೇಯ್ಗೆಗೆ ಕೊಟ್ಟದ್ದು ಹನ್ನೊಂದು ಕಂಬಳಿಗೆ ಆಗುವಷ್ಟು ನೂಲು.

"ಬದುಕ್ಯಾವಲ್ರಿ, ಅಷ್ಟ ಸಾಕ" ಅನ್ನುತ್ತಿದ್ದಳು. "ಕೂದಲಿಲ್ಲಂದ್ರ ಏನಾತು, ಬದುಕ್ಯಾವ."

ರೋಗದ ವಾರ

ಮೂರನೆಯ ಮಳೆಗಾಲ ಮುಗಿಯುವಾಗ ಬಂದರದಿಂದ ವಾಂತಿಭೇದಿ ಮೇಲೆ ಬಂತು. ಆಳುಗಳ ಸಾಲುಮನೆಗಳಿಗೆ ಸುಣ್ಣ ಬಳಿದರು, ದಿನಕ್ಕೆ ಎರಡು ಸಲ ಗಾಡಿ ಬರುತ್ತಿತ್ತು. ಹನಮವ್ವ ಬೆಳಿಗ್ಗೆ ನೂಲುವ ಕದರು ಹಿಡಿದು ಕೂತಿದ್ದಳು. ಮಧ್ಯಾಹ್ನಕ್ಕೆ ಕೈಕಾಲು ಹಿಡಿದವು. ನೀರು ಕೊಡಬೇಡ ಅಂತ ದವಾಖಾನಿಯವನು ಹೇಳಿದ. ಅವಳು ನೀರು ಕೇಳಿದಳು. ನಾನು ಅವನ ಮಾತು ಕೇಳಿದೆ, ಕೊಡಲಿಲ್ಲ. ಸೂರ್ಯ ಮುಳುಗುವ ಮೊದಲು ಹೋದಳು.

ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೊಡಲಿಲ್ಲ ಅನ್ನುವುದು ಗೊತ್ತು.

ಗಾಡಿಯ ಹಿಂದೆ ಹೋಗಲು ಬಿಡಲಿಲ್ಲ. ಹೊಳೆಯ ಆಚೆ ಎಲ್ಲೋ ದೊಡ್ಡ ಗುಂಡಿಯಲ್ಲಿ ಸುಣ್ಣ ಹಾಕಿ ಎಲ್ಲರನ್ನೂ ಒಟ್ಟಿಗೆ ಇಟ್ಟರಂತೆ. ಜಾಗ ತೋರಿಸಿದವರಿಲ್ಲ. ಆಮೇಲೆ ನಾನೇ ಹುಡುಕಲು ಹೋದಾಗ ಆ ಕಡೆಗೆಲ್ಲ ಕಬ್ಬು ನೆಟ್ಟಿದ್ದರು.

ಆ ದಿನಗಳಲ್ಲಿ ನಾನು ಹುಚ್ಚನ ಹಾಗೆ ಒಂದು ಕೆಲಸ ಮಾಡಿದೆ. ಸಾಲುಮನೆಗಳ ಬಾಗಿಲು ಬಾಗಿಲಿಗೆ ಹೋಗಿ ಸತ್ತವರು ಯಾರು, ಉಳಿದವರು ಯಾರು ಅಂತ ಕೇಳಿದೆ. ಕುರಿಗಳಲ್ಲಿ ಸಿಕ್ಕಂತೆ ಒಂದು ಎಳೆ ಸಿಕ್ಕೀತೆಂದು ಆಸೆ. ಒಂದು ಮನೆಯಲ್ಲಿ ವರ್ಷದಿಂದ ಕೆಮ್ಮುತ್ತಿದ್ದ ತೆಲುಗು ಮುದುಕಿ ಉಳಿದಿದ್ದಳು, ಅವಳ ಇಬ್ಬರು ಗಟ್ಟಿ ಮಕ್ಕಳು ಹೋಗಿದ್ದರು. ಪಕ್ಕದ ಮನೆಯಲ್ಲಿ ಮುದುಕಿ ಹೋಗಿ ಮಕ್ಕಳು ಉಳಿದಿದ್ದರು. ಒಂದೇ ಗಡಿಗೆಯ ನೀರು ಕುಡಿದ ಗಂಡ ಹೆಂಡಿರಲ್ಲಿ ಒಬ್ಬರು ಹೋಗಿ ಒಬ್ಬರು ಉಳಿದಿದ್ದರು; ನಮ್ಮ ಹಾಗೆ. ಎಳೆ ಸಿಗಲಿಲ್ಲ. ಇದ್ದರೂ ನನ್ನ ಬೆರಳಿಗೆ ಸಿಗುವಂಥದ್ದಲ್ಲ.

ರಫಾಯಿಲ್‌ನ ಬೇಲಿಗೆ ಹೋಗಿ ನಿಂತೆ.

"ನಿನ್ನ ಆಡು ಯಾಕ ಉಳದವು ಅಂತ ಹೇಳಿದಿ" ಅಂದೆ. "ನನ್ನ ಹೇಣ್ತಿ ಯಾಕ ಹೋದಳು ಹೇಳು."

ಅವನು ಹೊಸ ಟೋಪಿ ತೆಗೆದು ಪಕ್ಕದಲ್ಲಿಟ್ಟ. ಆಡುಗಳು ಬಂಡೆಯಿಂದ ಬಂಡೆಗೆ ಜಿಗಿಯುತ್ತಿದ್ದವು. ಇಬ್ಬರೂ ಅವನ್ನೇ ನೋಡುತ್ತ ನಿಂತೆವು.

ಕೊನೆಯ ಎಣಿಕೆ

ಕರಾರು ಮುಗಿಯುವ ತಿಂಗಳು ಮ್ಯಾನೇಜರ್ ಹಟ್ಟಿಗೆ ಬಂದ. ಹಿಂಡು ನೂರು ದಾಟಿತ್ತು. ಅವನಿಗೆ ಸಂತೋಷ.

"ಇಲ್ಲಿನ ಹವಾ ಇವನ್ನು ಬದಲಾಯಿಸಿತು ನೋಡು" ಅಂದ. "ಸೆಕೆಗೆ ತಾವೇ ಕೂದಲು ಕಡಿಮೆ ಮಾಡಿಕೊಂಡವು."

ನಾನು ತಿದ್ದಲಿಲ್ಲ. ಯಾವ ಕುರಿಯೂ ತನ್ನ ಕೂದಲನ್ನು ಕಡಿಮೆ ಮಾಡಿಕೊಂಡಿರಲಿಲ್ಲ. ದಟ್ಟ ಇದ್ದದ್ದು ದಟ್ಟವಾಗಿಯೇ ಸತ್ತಿತ್ತು, ಬೋಳು ಇದ್ದದ್ದು ಬೋಳಾಗಿಯೇ ಈದಿತ್ತು. ಒಂದೊಂದು ಕುರಿ ಇದ್ದ ಹಾಗೆಯೇ ಇತ್ತು, ಬದಲಾದದ್ದು ಹಿಂಡು. ಇದನ್ನು ಅವನಿಗೆ ಹೇಳಬೇಕಾದರೆ ಒಂದೊಂದರ ಸಾವನ್ನೂ ಹೇಳಬೇಕಾಗುತ್ತಿತ್ತು.

ಕಂಬಳಿಯ ಯೋಚನೆ ಬಿಟ್ಟು ಮಾಂಸಕ್ಕೆ ಸಾಕೋಣ ಅಂತ ಅವರು ತೀರ್ಮಾನ ಮಾಡಿದ್ದರು. ಮಗ್ಗದ ಮರವನ್ನು ಬಿಚ್ಚಿ ದೊಡ್ಡಿಯ ಬಾಗಿಲಿಗೆ ಅಡ್ಡಗೋಲು ಮಾಡಿದರು. ಹೊರಡುವ ಬೆಳಿಗ್ಗೆ ಹಿಂಡಿನ ನಡುವೆ ನಿಂತೆ. ಸಪೂರ ಕಾಲು, ಗಿಡ್ಡ ಕೂದಲು, ಗಟ್ಟಿ ಕಪ್ಪು ಗೊರಸು. ಮಳೆ ಬೀಳುತ್ತಿತ್ತು, ಅವು ತಲೆಯೆತ್ತದೆ ಮೇಯುತ್ತಿದ್ದವು. ಆ ನೆಲಕ್ಕೆ ಹೇಳಿ ಮಾಡಿಸಿದ ಹಾಗಿದ್ದವು, ಯಾರೂ ಹೇಳಿರಲಿಲ್ಲ, ಯಾರೂ ಮಾಡಿಸಿರಲಿಲ್ಲ. ನಾನು ತಂದ ಹಿಂಡು ಇದೇ ಅಂತ ಅಪ್ಪನನ್ನು ಕರೆತಂದು ತೋರಿಸಿದ್ದರೆ ನಂಬುತ್ತಿರಲಿಲ್ಲ. ಮೂರು ತಲೆಮಾರು ಮಾಡಿದ್ದನ್ನು ಅಳಿಸಲು ಐದು ಮಳೆಗಾಲ ಸಾಕಾಗಿತ್ತು.

ಚಿಕ್ಕನರಗುಂದ

ಕುಮಟಾಕ್ಕೆ ಇಳಿದು ಘಟ್ಟ ಹತ್ತಿ ನರಗುಂದಕ್ಕೆ ಬಂದೆ. ನಾನಿಲ್ಲದಾಗ ಅಲ್ಲಿ ಬಂಡಾಯವಾಗಿ ಸಂಸ್ಥಾನವೇ ಮುಗಿದುಹೋಗಿತ್ತು. ಜನ ರಸ್ತೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಸಾವಕಾರರ ಮನೆಗೆ ಬೀಗ. ಯಾವ ಊರಿಗೆ ಹೋದರೆಂದು ಹೇಳುವವರಿಲ್ಲ. ಕುರಿ ಏನಾದವು ಅಂತ ನನ್ನನ್ನು ಕೇಳಬೇಕಾದ ಒಬ್ಬ ಮನುಷ್ಯನೂ ಇರಲಿಲ್ಲ.

ಚಿಕ್ಕನರಗುಂದದ ದಾರಿಯಲ್ಲಿ ಯಮನಪ್ಪ ಹೊಲದಿಂದಲೇ ನನ್ನನ್ನು ಕಂಡ. ಒಬ್ಬನೇ ಬರುತ್ತಿರುವುದನ್ನು ಕಂಡು ಅಲ್ಲೇ ಸಾಲಿನಲ್ಲಿ ಕೂತುಬಿಟ್ಟ. ನಾನು ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿ ಬೆರಳಿನಿಂದಲೇ ಕಲ್ಲು ಹುಡುಕುತ್ತಿದ್ದಳು.

"ಯಾರು?"

"ನಾನತ್ತಿ, ಬಾಳಪ್ಪ."

"ಅಕಿ ಹಿಂದ ಬರಾಕತ್ತಾಳೇನು?"

"ಇಲ್ಲತ್ತಿ."

ಅವಳ ಬೆರಳು ಜೋಳದಲ್ಲಿ ಓಡಾಡುತ್ತಲೇ ಇದ್ದವು. ಏನು ರೋಗ, ಯಾವ ತಿಂಗಳು, ಎಲ್ಲ ಕೇಳಿದಳು. ಹೇಳಿದೆ. ನೀರಿನ ವಿಷಯ ಹೇಳಲಿಲ್ಲ.

"ಅಷ್ಟ ಮಂದಿಯೊಳಗ ಅಕಿನ ಯಾಕ?"

ಕುರಿ ಯಾಕೆ ಸತ್ತವು ಅಂತ ಕೇಳಿದ್ದರೆ ನಾನು ಒಂದೊಂದರದ್ದೂ ಹೇಳುತ್ತಿದ್ದೆ. ಅವಳು ಕುರಿಯ ಸುದ್ದಿ ತೆಗೆಯಲಿಲ್ಲ.

"ಗೊತ್ತಿಲ್ಲತ್ತಿ" ಅಂದೆ.

"ಯಾವ ದಿಕ್ಕಿಗೆ ಇಟ್ಟೀರಪ್ಪಾ ಅಕಿನ್ನ? ನಾ ಆ ಕಡಿ ನೋಡೇನು."

ಸಮುದ್ರ ಪಡುವಣಕ್ಕಿದೆ, ನಾವು ಹೋದದ್ದು ಆ ಕಡೆಗೆ ಅನ್ನುವುದಷ್ಟೇ ನನಗೆ ತಿಳಿದಿತ್ತು. ಅವಳ ಕೈ ಹಿಡಿದು ಸೂರ್ಯ ಇಳಿಯುತ್ತಿದ್ದ ಕಡೆಗೆ ಚಾಚಿದೆ. ಅವಳು ಮೊರ ಬದಿಗಿಟ್ಟು ಆ ಕಡೆಗೆ ತಿರುಗಿ 'ಹನಮೀ' ಅಂದಳು, ಮೆಲ್ಲಗೆ, ಪಕ್ಕದ ಕೋಣೆಯಲ್ಲಿರುವವರನ್ನು ಕರೆದ ಹಾಗೆ.

ಹೋದ ವರ್ಷ ರೋಣದ ಕಚೇರಿಯಲ್ಲಿ ಒಬ್ಬ ಕಾರಕೂನರು ನಕಾಶೆ ಬಿಚ್ಚಿದ್ದಾಗ ಮೋರಸ ಎಲ್ಲಿದೆ ಅಂತ ಕೇಳಿದೆ. ಅವರ ಬೆರಳು ಕೆಳಗೆ ಕೆಳಗೆ ಹೋಗಿ, ನಮ್ಮ ದೇಶ ಮುಗಿದು ಎಷ್ಟೋ ಕೆಳಗೆ, ತೆಂಕಣಕ್ಕೆ ಒಂದು ಚುಕ್ಕಿಯ ಮೇಲೆ ನಿಂತಿತು. ನಾನು ಅತ್ತೆಗೆ ತೋರಿಸಿದ ದಿಕ್ಕಿನಲ್ಲಿ ಅಷ್ಟು ದೂರಕ್ಕೂ ನೀರೇ ಇತ್ತು.

ಅತ್ತೆ ಇನ್ನೂ ಇದ್ದಾಳೆ. ಸಂಜೆಗೆ ಪಡುವಣಕ್ಕೆ ಮುಖ ಮಾಡಿ ಕೂತು ಮಗಳ ಜೊತೆ ಮಾತಾಡುತ್ತಾಳೆ. ಯಾರ ಮನೆಯ ಎಮ್ಮೆ ಈಯಿತು, ಯಾವ ಹೊಲ ಬಿತ್ತಿದರು, ಎಲ್ಲ ಹೇಳುತ್ತಾಳೆ. ನಾನು ಹೋದ ದಿನ ಅವಳ ಪಕ್ಕದಲ್ಲಿ ಕೂಡುತ್ತೇನೆ, ಅದೇ ಕಡೆಗೆ ನೋಡುತ್ತೇನೆ. ದಿಕ್ಕು ತಪ್ಪಿದೆ ಅಂತ ಇವತ್ತಿಗೂ ಹೇಳಿಲ್ಲ.